ಸೆಟ್ ದೋಸೆಯ ಸೆಟ್ಟೂ ಸನ್‌ಸೆಟ್ಟಿನ ಸೆಟ್ಟೂ ಒಂದೇನಾ?

ಪ್ರಶ್ನೆ: ನಾನು ಶ್ರೀನಿವಾಸಪುರ ತಾಲ್ಲೂಕಿನವಳು. ಕನ್ನಡ ಮೀಡಿಯಂನಲ್ಲಿ ಓದಿ ಈಗ ಕೋಲಾರದಲ್ಲಿ ಡಿಗ್ರಿ ಮಾಡುತ್ತಿದ್ದೇನೆ. ಸ್ಪರ್ಧಾತ್ಮಕ ಪರೀಕ್ಷೆಗೆ ಇಂಗ್ಲಿಷ್ ಓದುವಾಗ ‘ಸೆಟ್’ ಅನ್ನುವ ಪದವನ್ನು ಡಿಕ್ಷನರಿಯಲ್ಲಿ ನೋಡಿದೆ. ಪುಟ ತಿರುಗಿಸಿದಷ್ಟೂ ಮುಗಿಯಲಿಲ್ಲ. ಮೂರೇ ಅಕ್ಷರದ ಪದಕ್ಕೆ ಇಷ್ಟೊಂದು ಅರ್ಥ ಯಾಕೆ? ನಮ್ಮಪ್ಪ ಮೋಟಾರು ರಿಪೇರಿ ಮಾಡುತ್ತಾರೆ, ಬೆಳಗಾದರೆ ಅವರ ಬಾಯಲ್ಲಿ ಪಂಪ್‌ಸೆಟ್. ಹೋಟೆಲಿನಲ್ಲಿ ಸೆಟ್ ದೋಸೆ. ಸಂಜೆಯಾದರೆ ಸನ್‌ಸೆಟ್. ಇವೆಲ್ಲಾ ಒಂದೇ ಪದವೇ? ಬಾಯಿಪಾಠ ಮಾಡದೆ ಇದನ್ನು ಕಲಿಯುವ ದಾರಿ ಇದೆಯೇ? ಇನ್ನೊಂದು ವಿಷಯ, ‘ಸೆಟಪ್ ಬಾಕ್ಸ್’ ಸರಿಯೋ ‘ಸೆಟ್ ಟಾಪ್ ಬಾಕ್ಸ್’ ಸರಿಯೋ? ನನಗೂ ತಮ್ಮನಿಗೂ ಇದರ ಮೇಲೆ ಜಗಳ ನಡೆದಿದೆ.

ಉತ್ತರ: ನೋಡಮ್ಮ, ಮೊದಲು ಆ ಡಿಕ್ಷನರಿ ಮುಚ್ಚಿಡಿ. ಕೋಲಾರದ ಪಿಯು ಕಾಲೇಜೊಂದರಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದವನು ನಾನು. ಇದೇ ಪುಟ ಹಿಡಿದುಕೊಂಡು ಸ್ಟಾಫ್ ರೂಮಿನ ಬಾಗಿಲಿಗೆ ಬಂದ ಮಕ್ಕಳು ಎಷ್ಟೋ ಜನ. ನಾನೂ ನಿಮ್ಮ ವಯಸ್ಸಿನಲ್ಲಿ ಮುಳಬಾಗಿಲಿನಿಂದ ಬಸ್ಸಿನಲ್ಲಿ ಓಡಾಡುತ್ತಾ, ನೂರು ಪುಟದ ನೋಟ್‌ಬುಕ್ಕಿನಲ್ಲಿ ನಂಬರು ಹಾಕಿಕೊಂಡು ‘ಸೆಟ್’ನ ನಲವತ್ತು ಅರ್ಥ ಬರೆದಿಟ್ಟಿದ್ದೆ. ಪರೀಕ್ಷೆ ಹೊತ್ತಿಗೆ ತಲೆಯಲ್ಲಿ ಉಳಿದದ್ದು ನಾಲ್ಕು. ಅದರಲ್ಲೂ ಒಂದು ತಪ್ಪು.

ನಂಬರು ಹಾಕಿದ್ದೇ ಎಡವಟ್ಟಾಗಿತ್ತು. ಡಿಕ್ಷನರಿ ಮಾಡುವವರಿಗೆ ನಂಬರು ಬೇಕು, ಹುಡುಕುವವರಿಗೆ ಅದು ಅನುಕೂಲ. ಕಲಿಯುವವರಿಗೆ ಬೇಕಾಗಿರುವುದು ನೆಂಟಸ್ತಿಕೆ. ಮದುವೆ ಮನೆಗೆ ಹೋದಾಗ ಇನ್ನೂರು ಮುಖ ಕಾಣುತ್ತವೆ. ‘ಇವರು ದೊಡ್ಡಪ್ಪನ ಬೀಗರು, ಅವರು ಚಿಂತಾಮಣಿ ಅತ್ತೆಯ ಮಗ’ ಅಂತ ಯಾರಾದರೂ ಪಕ್ಕದಲ್ಲಿ ಕೂತು ಹೇಳಿದರೆ ಅರ್ಧ ಗಂಟೆಯಲ್ಲಿ ಎಲ್ಲರೂ ಗುರುತಾಗುತ್ತಾರೆ. ಆ ಕೆಲಸ ಇಲ್ಲಿ ನಾನು ಮಾಡುತ್ತೇನೆ.

ನಿಮ್ಮ ಮೊದಲ ಪ್ರಶ್ನೆಗೆ ನೇರವಾದ ಉತ್ತರ: ಸೆಟ್ ಅನ್ನುವುದು ಎರಡು ಪದ. ಬೇರೆ ಬೇರೆ ಊರಿನಿಂದ ಬಂದ ಇಬ್ಬರಿಗೆ ಒಂದೇ ಹೆಸರು ಬಿದ್ದಿದೆ. ಒಬ್ಬ ಇಂಗ್ಲಿಷಿನ ಮನೆಯಲ್ಲೇ ಹುಟ್ಟಿದವನು, ಹಳೇ ಕ್ರಿಯಾಪದ. ಅವನ ಅರ್ಥ ‘ಕೂರಿಸು’. ಇನ್ನೊಬ್ಬ ಫ್ರೆಂಚ್ ಕಡೆಯಿಂದ ಬಂದ ನಾಮಪದ. ಅವನ ಅರ್ಥ ‘ಗುಂಪು’ ಅಥವಾ ‘ಜೊತೆ’. ಸನ್‌ಸೆಟ್ಟಿನಲ್ಲಿರುವುದು ಮೊದಲನೆಯವನು. ಪಂಪ್‌ಸೆಟ್ಟಿನಲ್ಲಿ, ಸೆಟ್ ದೋಸೆಯಲ್ಲಿ ಇರುವುದು ಎರಡನೆಯವನು. ಒಂದೇ ಮನೆಯಲ್ಲಿ ಇದ್ದೂ ಇದ್ದೂ ಒಬ್ಬರ ಬುದ್ಧಿ ಇನ್ನೊಬ್ಬರಿಗೆ ಸ್ವಲ್ಪ ಅಂಟಿದೆ, ನಿಜ. ಆದರೂ ಮೂಲ ಬೇರೆ.

ಈಗ ‘ಕೂರಿಸು’ ಕಡೆ ಬನ್ನಿ. ಗುಟ್ಟು ಇರುವುದು ಇಲ್ಲೇ.

ಕನ್ನಡದಲ್ಲಿ ಕೂರು ಅಂದರೆ ತಾನೇ ಕೂರುವುದು. ಕೂರಿಸು ಅಂದರೆ ಇನ್ನೊಬ್ಬರು ಕೂರುವ ಹಾಗೆ ಮಾಡುವುದು. ಒಂದು ‘ಇಸು’ ಸೇರಿಸಿದರೆ ಕೆಲಸ ಆಗಿಹೋಯಿತು. ಉಣ್ಣು, ಉಣಿಸು. ಬೀಳು, ಬೀಳಿಸು. ಕುಡಿ, ಕುಡಿಸು. ಇಂಗ್ಲಿಷಿಗೂ ಬಹಳ ಹಿಂದೆ ಇಂಥದ್ದೇ ಒಂದು ಏರ್ಪಾಡಿತ್ತು. ಅಲ್ಲಿ ಪದದ ಒಳಗಿನ ಸ್ವರವೇ ಬದಲಾಗುತ್ತಿತ್ತು. ಸಿಟ್ ಅಂದರೆ ಕೂರು, ಸೆಟ್ ಅಂದರೆ ಕೂರಿಸು. ಫಾಲ್ ಅಂದರೆ ಬೀಳು, ಫೆಲ್ ಅಂದರೆ ಬೀಳಿಸು. ಮರ ಕಡಿದು ಬೀಳಿಸುವುದಕ್ಕೆ ಇಂದಿಗೂ ಫೆಲ್ ಅನ್ನುತ್ತಾರೆ. ಲೈ ಅಂದರೆ ಮಲಗು, ಲೇ ಅಂದರೆ ಮಲಗಿಸು. ಡ್ರಿಂಕ್ ಅಂದರೆ ಕುಡಿ, ಡ್ರೆಂಚ್ ಅಂದರೆ ಕುಡಿಸು. ಈ ಡ್ರೆಂಚ್ ಈಗ ‘ತೊಯ್ಯಿಸು’ ಅನ್ನುವ ಕಡೆ ಜಾರಿಕೊಂಡಿದೆ. ಆದರೆ ಪಶು ಡಾಕ್ಟರನ್ನು ಕೇಳಿ ನೋಡಿ. ಹಸುವಿಗೆ ಗೊಟ್ಟದಲ್ಲಿ ಔಷಧಿ ಕುಡಿಸುವುದನ್ನು ಅವರು ಇವತ್ತಿಗೂ ಡ್ರೆಂಚಿಂಗ್ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಆ ಏರ್ಪಾಡು ಸತ್ತು ಇಂಥ ನಾಲ್ಕಾರು ಜೋಡಿ ಮಾತ್ರ ಉಳಿದಿವೆ. ನಮ್ಮ ‘ಇಸು’ ಗಟ್ಟಿಯಾಗಿದೆ. ಮೊನ್ನೆ ಬಂದ ಮೊಬೈಲಿಗೂ ‘ಚಾರ್ಜ್ ಮಾಡಿಸು’ ಅಂತೀವಿ, ಅಲ್ವಾ?

ಸೆಟ್ ಅಂದರೆ ಕೂರಿಸು ಅಂತ ಇಟ್ಟುಕೊಂಡು ಡಿಕ್ಷನರಿಯ ಅರ್ಥಗಳನ್ನು ಒಂದೊಂದಾಗಿ ನೋಡಿ. ಎಷ್ಟೊಂದು ಸುಮ್ನೆ ಹಾಗೇ ಬಂದು ಕೂರುತ್ತವೆ ಅಂತ ಆಶ್ಚರ್ಯವಾಗುತ್ತೆ. ಉಂಗುರಕ್ಕೆ ಹರಳು ಕೂರಿಸುತ್ತೇವೆ. ಇಂಗ್ಲಿಷಿನಲ್ಲಿ ಅದು ಕಲ್ಲನ್ನು ‘ಸೆಟ್’ ಮಾಡುವುದು. ಕೈ ಮುರಿದುಕೊಂಡವನ ಮೂಳೆ ಕೂರಿಸುತ್ತಾರೆ. ಅಲ್ಲೂ ಮೂಳೆಯನ್ನು ‘ಸೆಟ್’ ಮಾಡುತ್ತಾರೆ. ಹಾಡಿಗೆ ರಾಗ ಕೂರಿಸುವುದಕ್ಕೆ ಅವರು ‘ಸೆಟ್ ಟು ಮ್ಯೂಸಿಕ್’ ಅನ್ನುತ್ತಾರೆ. ನನಗೆ ತುಂಬಾ ಇಷ್ಟವಾದದ್ದು ಕೋಳಿಯದ್ದು. ಮರಿ ಮಾಡಿಸುವುದಕ್ಕೆ ನಮ್ಮಜ್ಜಿ ಮಂಕರಿಗೆ ಬೂದಿ, ಹುಲ್ಲು ಹಾಕಿ, ಹತ್ತು ಹನ್ನೆರಡು ಮೊಟ್ಟೆ ಇಟ್ಟು, ಕೋಳಿಯನ್ನು ಕಾವಿಗೆ ಕೂರಿಸುತ್ತಿದ್ದರು. 21 ದಿನ ಲೆಕ್ಕ. ಇಂಗ್ಲಿಷಿನ ಹಳ್ಳಿಯವರೂ ಇದಕ್ಕೆ ‘ಸೆಟ್ ಎ ಹೆನ್’ ಅಂತಲೇ ಅನ್ನುತ್ತಾರೆ. ಒಂದೇ ಕೋಳಿ, ಒಂದೇ ಬುಟ್ಟಿ, ಒಂದೇ ಮಾತು. ಈ ಭಾಷೆಗೂ ಆ ಭಾಷೆಗೂ ಸಂಬಂಧವೇ ಇಲ್ಲ, ಆದರೂ ಮನುಷ್ಯರ ತಲೆ ಓಡುವುದು ಒಂದೇ ದಾರಿಯಲ್ಲಿ.

ಪರೀಕ್ಷೆಯ ಮಾತೂ ಹಾಗೇ. ನೀವು ಪರೀಕ್ಷೆಗೆ ಕೂರುತ್ತೀರಿ. ಇಂಗ್ಲಿಷಿನಲ್ಲೂ ಪರೀಕ್ಷೆಗೆ ‘ಸಿಟ್’ ಆಗುತ್ತಾರೆ. ಪ್ರಶ್ನೆಪತ್ರಿಕೆ ತೆಗೆಯುವ ಮೇಷ್ಟ್ರು ಪೇಪರ್ ‘ಸೆಟ್’ ಮಾಡುತ್ತಾರೆ. ಕೂರುವವರು ನೀವು, ಕೂರಿಸುವವರು ನಾವು. ಎರಡೂ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಕೂರಿಸುವುದೇ ಸುಲಭ.

ಕೂರಿಸಿದ್ದು ಆಮೇಲೆ ಏನಾಗುತ್ತೆ? ಕೂತಲ್ಲೇ ಬಿಗಿಯಾಗುತ್ತೆ. ಇಲ್ಲಿಂದ ಸೆಟ್ಟಿನ ಎರಡನೇ ಕವಲು ಹೊರಡುತ್ತೆ: ಗಟ್ಟಿಯಾಗು, ಅಲ್ಲಾಡದೆ ನಿಲ್ಲು. ಮನೆ ಕಟ್ಟುವಾಗ ಗಾರೆಯವರು ‘ಸೆಟ್ ಆಗೋಕೆ ಬಿಡ್ರೀ, ಈಗಲೇ ತುಳೀಬೇಡಿ’ ಅಂತ ಕೂಗುತ್ತಾರಲ್ಲ, ಅದು ಈ ಅರ್ಥ. ಅವರು ಆ ಪದವನ್ನು ಸರಿಯಾಗೇ ಬಳಸುತ್ತಾರೆ. ಸಾಮಾನ್ಯ ಸಿಮೆಂಟಿಗೆ ಭಾರತೀಯ ಮಾನಕದ ಪ್ರಕಾರ ಎರಡು ಹೊತ್ತು ಗೊತ್ತು ಮಾಡಿದ್ದಾರೆ. ನೀರು ಬಿದ್ದ ಮೇಲೆ ಕನಿಷ್ಠ 30 ನಿಮಿಷ ಅದು ಬಿಗಿಯಾಗಲು ಶುರು ಮಾಡಬಾರದು, ಇಲ್ಲದಿದ್ದರೆ ಕಲಸಿ ಹಾಕುವಷ್ಟು ಸಮಯ ಸಿಗಲ್ಲ. 600 ನಿಮಿಷದೊಳಗೆ ಪೂರ್ತಿ ಬಿಗಿಯಾಗಬೇಕು. ಜಾಸ್ತಿ ಜನ ಸೆಟ್ ಆಗುವುದು ಅಂದರೆ ಒಣಗುವುದು ಅಂದುಕೊಂಡಿದ್ದಾರೆ. ಒಣಗುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಸಿಮೆಂಟು ನೀರಿನ ಜೊತೆ ಸೇರಿ ಬೇರೆಯೇ ವಸ್ತುವಾಗುತ್ತೆ. ಅದಕ್ಕೇ ಸೆಟ್ ಆದ ಮೇಲೂ ದಿನಾ ನೀರು ಹೊಡೆದು ಕ್ಯೂರಿಂಗ್ ಮಾಡುವುದು. ಬಲ ಬರುವುದು ಆಮೇಲೆ, 28 ದಿನದ ಲೆಕ್ಕದಲ್ಲಿ. ಇಂಗ್ಲಿಷಿನಲ್ಲಿ ಬಿಗಿಯಾಗುವುದು ‘ಸೆಟ್’, ಆಮೇಲೆ ಬಲ ಬರುವುದು ‘ಹಾರ್ಡನ್’. ಪರೀಕ್ಷೆಯಲ್ಲಿ ಈ ವ್ಯತ್ಯಾಸ ಕೇಳಿದರೆ ಗಾರೆ ಮೇಸ್ತ್ರಿಯನ್ನು ನೆನಪಿಸಿಕೊಳ್ಳಿ.

ಮೊಸರು ಹೆಪ್ಪಾಗುವುದೂ ಇದೇ ಸೆಟ್. ‘ಮೈಂಡ್‌ಸೆಟ್’ ಕೂಡ ಇದೇ. ಅದನ್ನು ‘ಮನಸ್ಸುಗಳ ಗುಂಪು’ ಅಂತ ಒಬ್ಬ ಹುಡುಗ ಬರೆದಿದ್ದ. ಮನಸ್ಸು ಒಂದು ಕಡೆ ಗಟ್ಟಿಯಾಗಿ ಕೂತುಬಿಟ್ಟಿದೆ ಅಂತ ಅದರ ಅರ್ಥ. ಓಟದ ಪಂದ್ಯದಲ್ಲಿ ‘ಆನ್ ಯುವರ್ ಮಾರ್ಕ್ಸ್, ಸೆಟ್’ ಅಂದಾಗಲೂ ಮೈ ಬಿಗಿಹಿಡಿದು ಅಲ್ಲಾಡದೆ ಇರು ಅಂತಲೇ. ಇದರಲ್ಲೊಂದು ತಮಾಷೆ ಇದೆ. 400 ಮೀಟರ್ ತನಕದ ಓಟಗಳಿಗೆ ಮಾತ್ರ ಆ ‘ಸೆಟ್’ ಹೇಳುತ್ತಾರೆ. 800 ಮೀಟರಿಗೆ ಮತ್ತು ಅದಕ್ಕಿಂತ ಉದ್ದದ ಓಟಕ್ಕೆ ‘ಆನ್ ಯುವರ್ ಮಾರ್ಕ್ಸ್’ ಆದ ಮೇಲೆ ನೇರವಾಗಿ ಗುಂಡು. ನಿಂತುಕೊಂಡೇ ಓಟ ಶುರು ಮಾಡುವವರಿಗೆ ಮತ್ತೆ ಬಿಗಿಯಾಗು ಅನ್ನುವುದು ಯಾಕೆ?

ನಿಮ್ಮ ಶ್ರೀನಿವಾಸಪುರದ ಕಡೆಯವರಿಗೆ ಬೇಕಾದ ಸೆಟ್ ಒಂದಿದೆ. ಮಾವಿನ ಮರ ಹೂವು ಬಿಟ್ಟು ಕಾಯಿ ಕಚ್ಚುತ್ತಲ್ಲ, ತೋಟಗಾರಿಕೆಯ ಇಂಗ್ಲಿಷಿನಲ್ಲಿ ಅದು ‘ಫ್ರೂಟ್ ಸೆಟ್’. ಹಣ್ಣುಗಳ ಗುಂಪು ಅಂತ ಓದಬೇಡಿ. ಸಾವಿರಾರು ಹೂವಿನಲ್ಲಿ ಕೊನೆಗೆ ಕಾಯಾಗಿ ನಿಲ್ಲುವುದು ಕೆಲವೇ. ನಿಂತದ್ದು ‘ಸೆಟ್’ ಆಯಿತು. ಟೊಮ್ಯಾಟೊ ಬೆಳೆಯುವವರು ಬೇಸಿಗೆಯಲ್ಲಿ ‘ಬಿಸಿಲಿಗೆ ಹೂವೆಲ್ಲಾ ಉದುರಿತು, ಕಾಯಿ ಕಚ್ಚಲಿಲ್ಲ’ ಅಂತ ಗೋಳಾಡುವುದೂ ಇದನ್ನೇ. ನಮ್ಮ ‘ಕಚ್ಚು’ ನೋಡಿ, ಅದೇನೂ ಕಮ್ಮಿ ಪದವಲ್ಲ. ಹೂವು ಹೋಗಿ ಕಾಯಿ ಗಿಡವನ್ನು ಹಲ್ಲಿನಲ್ಲಿ ಹಿಡಿದ ಹಾಗೆ.

ಬಡಗಿಯವರ ಗರಗಸಕ್ಕೂ ಒಂದು ಸೆಟ್ ಉಂಟು. ಅದರ ಹಲ್ಲುಗಳನ್ನು ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಚೂರು ಬಗ್ಗಿಸಿರುತ್ತಾರೆ. ಆಗ ಸೀಳು ಗರಗಸದ ತಗಡಿಗಿಂತ ಅಗಲವಾಗಿ, ಗರಗಸ ಮರದಲ್ಲಿ ಸಿಕ್ಕಿಕೊಳ್ಳಲ್ಲ. ನಾಟಕದ ಸೆಟ್, ಸಿನಿಮಾ ಸೆಟ್ ಕೂಡ ಕೂರಿಸಿದ್ದೇ. ಆಟ ಶುರುವಾಗುವ ಮೊದಲೇ ರಂಗದ ಮೇಲೆ ಕೂರಿಸಿದ ಅರಮನೆ, ಕಾಡು, ಬೀದಿ. ಈ ಮಾತು ಬಂದರೆ ತುಮಕೂರು ಜಿಲ್ಲೆಯ ಗುಬ್ಬಿ ನಾಟಕ ಕಂಪನಿಯನ್ನು ನೆನೆಯದೆ ಇರುವುದು ಹೇಗೆ? 1884ರಲ್ಲಿ ಹುಟ್ಟಿದ ಆ ಕಂಪನಿ ವೀರಣ್ಣನವರ ಕಾಲದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದು ಜನರ ಬಾಯಿ ಮುಚ್ಚಿಸಿತ್ತು. ಆನೆಯನ್ನು ಮಾತ್ರ ಸೆಟ್ ಅನ್ನಬೇಕೋ ಪಾತ್ರಧಾರಿ ಅನ್ನಬೇಕೋ, ನೀವೇ ತೀರ್ಮಾನ ಮಾಡಿ.

ಇನ್ನು ‘ಕೂರಿಸು’ ಒಗ್ಗದ ಕಡೆ ‘ಇಡು’ ಹಾಕಿ ನೋಡಿ. ಬೆಂಕಿ ಇಡು, ಅಲಾರಾಂ ಇಡು, ಇಲಿಗೆ ಬೋನು ಇಡು, ಮದುವೆಗೆ ಮುಹೂರ್ತ ಇಡು. ನಾಲ್ಕಕ್ಕೂ ಇಂಗ್ಲಿಷಿನಲ್ಲಿ ಸೆಟ್ಟೇ. ಬೆಲೆ ಕಟ್ಟುವುದು, ಗಡುವು ಹಾಕುವುದು ಇದರ ಪಕ್ಕದ ಮನೆ. ಊಟದ ಟೇಬಲ್ ‘ಸೆಟ್’ ಮಾಡುವುದು ಅಂದರೆ ನಮ್ಮಲ್ಲಿ ಎಲೆ ಹಾಕುವುದು.

ಸನ್‌ಸೆಟ್ ವಿಷಯ. ಇಲ್ಲಿ ಸೂರ್ಯನನ್ನು ಯಾರೂ ಕೂರಿಸುತ್ತಿಲ್ಲ, ಅವನೇ ಕೂರುತ್ತಿದ್ದಾನೆ. ಹಳೇ ಕಾಲದಿಂದ ಇಂಗ್ಲಿಷಿನವರಿಗೆ ಸಿಟ್, ಸೆಟ್ ಎರಡೂ ಆಗಾಗ ಅದಲು ಬದಲಾಗುತ್ತಿದ್ದವು. ಅಮೆರಿಕದ ಹಳ್ಳಿ ಮಾತಿನಲ್ಲಿ ಇಂದಿಗೂ ‘ಬಂದು ಕೂತ್ಕೊಳ್ಳಿ’ ಅನ್ನುವುದಕ್ಕೆ ‘ಸೆಟ್’ ಅನ್ನುವವರಿದ್ದಾರೆ. ನಮಗೆ ಹೊತ್ತು ಮುಳುಗುತ್ತೆ, ಅವರಿಗೆ ಹೊತ್ತು ಕೂರುತ್ತೆ. ಸಂಜೆ ಅಂತರಗಂಗೆ ಬೆಟ್ಟ ಹತ್ತಿ ನೋಡಿದರೆ ಎರಡೂ ಸರಿ ಅನ್ನಿಸುತ್ತೆ.

ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ಈ ಕೂರುವ ಪದಕ್ಕೆ ನಮ್ಮ ಊರಿನಲ್ಲೇ ನೆಂಟರಿದ್ದಾರೆ. ಇಂಗ್ಲಿಷೂ ಸಂಸ್ಕೃತವೂ ಬಹಳ ಹಿಂದೆ ಒಂದೇ ಮೂಲದಿಂದ ಒಡೆದು ಬಂದ ಭಾಷೆಗಳು. ಆ ಮೂಲದಲ್ಲಿ ಕೂರುವುದಕ್ಕೆ ಇದ್ದ ಧಾತು ಇಂಗ್ಲಿಷಿನಲ್ಲಿ ಸಿಟ್, ಸೆಟ್, ಸೀಟ್, ಸೆಟ್ಲ್, ಸ್ಯಾಡಲ್ ಆಯಿತು. ಸಂಸ್ಕೃತದಲ್ಲಿ ‘ಸದ್’ ಆಯಿತು. ಅದರಿಂದ ಸದನ, ಸಂಸತ್ತು, ಪರಿಷತ್ತು, ಉಪನಿಷತ್ತು. ಎಲ್ಲಾ ಕೂರುವ ಜಾಗಗಳು, ಕೂರುವ ಕೂಟಗಳು. ಎಂಜಿನಿಯರಿಂಗ್ ಸೀಟು, ಎಂಎಲ್ಎ ಸೀಟು ಅಂತ ನಾವು ಓಡಾಡುತ್ತೇವಲ್ಲ, ಆ ಸೀಟೂ ವಿಧಾನ ಪರಿಷತ್ತಿನ ‘ಷತ್ತೂ’ ಅಣ್ಣತಮ್ಮಂದಿರು. ಹಕ್ಕಿ ಗೂಡಿಗೆ ಇಂಗ್ಲಿಷಿನಲ್ಲಿ ನೆಸ್ಟ್, ಸಂಸ್ಕೃತದಲ್ಲಿ ನೀಡ. ಅವೂ ಅದೇ ಧಾತುವಿನಿಂದ ಬಂದವು, ಹಕ್ಕಿ ಕೆಳಗೆ ಕೂರುವ ಜಾಗ ಅಂತ. ಕನ್ನಡದ ಮೂಲ ಬೇರೆ, ದ್ರಾವಿಡದ್ದು. ಇವೆಲ್ಲಾ ನಮಗೆ ಸಂಸ್ಕೃತದಿಂದ ಬಂದ ಸಾಲ. ಹೋಗಲಿ, ಈಗ ವಾಪಸ್ಸು ಬರೋಣ.

ಎರಡನೇ ಸೆಟ್, ಗುಂಪಿನ ಸೆಟ್. ಲ್ಯಾಟಿನ್ನಿನಲ್ಲಿ ‘ಸೆಕ್ಟ’ ಅಂತ ಒಂದು ಪದ. ಯಾರನ್ನೋ ಹಿಂಬಾಲಿಸುವವರ ಗುಂಪು ಅಂತ ಅರ್ಥ. ಅದು ಹಳೇ ಫ್ರೆಂಚಿನಲ್ಲಿ ‘ಸೆಟ್ಟೆ’ ಆಗಿ ಇಂಗ್ಲಿಷಿಗೆ ಇಳಿಯಿತು. ಪಂಥ ಅನ್ನುವ ಅರ್ಥದ ‘ಸೆಕ್ಟ್’ ಇದರ ಒಡಹುಟ್ಟು. ಜೊತೆಗಿರುವ ಜನ ಅನ್ನುವುದರಿಂದ ಜೊತೆಗಿರುವ ವಸ್ತುಗಳು ಅನ್ನುವ ಕಡೆ ಬಂದಿತು.

ನಮ್ಮ ದಿನನಿತ್ಯದ ಕನ್ನಡಕ್ಕೆ ಜಾಸ್ತಿ ಬಂದಿರುವುದು ಈ ಸೆಟ್ಟೇ. ನಿಮ್ಮ ತಂದೆಯವರ ಪಂಪ್‌ಸೆಟ್ ತಗೊಳ್ಳಿ. ಪಂಪು ಒಂದು, ಅದನ್ನು ತಿರುಗಿಸುವ ಮೋಟಾರು ಒಂದು. ಎರಡನ್ನೂ ಸೇರಿಸಿ ಒಂದಾಗಿ ಮಾರುವುದರಿಂದ ಅದು ಸೆಟ್. ಅದಕ್ಕೇ ‘ಪಂಪು ಚೆನ್ನಾಗಿದೆ, ಮೋಟಾರು ಸುಟ್ಟಿದೆ’ ಅನ್ನುವ ಮಾತಿಗೆ ಅರ್ಥ ಬರುವುದು. ಕರೆಂಟಿನವರ ಲೆಕ್ಕದಲ್ಲಿ ಅದು ಐಪಿ ಸೆಟ್, ಅಂದರೆ ನೀರಾವರಿ ಪಂಪ್‌ಸೆಟ್. ನಮ್ಮ ರಾಜ್ಯದಲ್ಲಿ 10 ಎಚ್‌ಪಿ ತನಕ ಇವಕ್ಕೆ ಕರೆಂಟು ಉಚಿತ. ಸಾವಿರ ಅಡಿ ಬೋರು ಕೊರೆಸುವ ನಮ್ಮ ಜಿಲ್ಲೆಯಲ್ಲಿ ಆ ಹತ್ತರ ಗೆರೆ ಎಷ್ಟು ಮುಖ್ಯ ಅಂತ ನಿಮ್ಮ ತಂದೆಯವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಸೆಟ್ ದೋಸೆಗೆ ಆ ಹೆಸರು ಬಂದದ್ದು ಎರಡೋ ಮೂರೋ ದೋಸೆ ಒಟ್ಟಿಗೆ ಕೊಡುವುದರಿಂದ. ಹಿಟ್ಟು ಹೆಪ್ಪಾಗಿ ಸೆಟ್ ಆಗುತ್ತೆ ಅನ್ನುವುದು ಆಮೇಲೆ ಹುಟ್ಟಿದ ಕಥೆ. ಬಳೆ ಸೆಟ್, ಒಡವೆ ಸೆಟ್, ತಾಲ್ಲೂಕು ಕಚೇರಿ ಮುಂದೆ ‘ಆಧಾರ್‌ದು ಒಂದು ಸೆಟ್ ಜೆರಾಕ್ಸ್ ಕೊಡಿ’, ಟೆನಿಸ್ ಆಟದ ಸೆಟ್, ಟಿವಿ ಸೆಟ್, ಎಲ್ಲವೂ ಈ ಕಡೆಯವು. ಗಣಿಯಲ್ಲೂ ಒಂದು ಸೆಟ್ ಇದೆ. ಸುರಂಗದ ಮೇಲ್ಛಾವಣಿ ಕುಸಿಯದಂತೆ ಎರಡು ಕಂಬ, ಮೇಲೊಂದು ಅಡ್ಡ ತೊಲೆ ಕೊಡುವ ಚೌಕಟ್ಟಿಗೆ ಗಣಿಯ ಇಂಗ್ಲಿಷಿನಲ್ಲಿ ಸೆಟ್ ಅನ್ನುತ್ತಾರೆ. ಅದು ಯಾವ ಸೆಟ್? ಮೂರು ಮರ ಸೇರಿದ್ದರಿಂದ ಗುಂಪೂ ಹೌದು, ಕೂರಿಸಿದ್ದರಿಂದ ಮೊದಲನೆಯದೂ ಹೌದು. ಇಬ್ಬರ ಬುದ್ಧಿ ಬೆರೆತಿದೆ ಅಂದೆನಲ್ಲ, ಅದು ಇಂಥ ಕಡೆ. 2001ರಲ್ಲಿ ಮುಚ್ಚಿದ ನಮ್ಮ ಕೆಜಿಎಫ್ ಗಣಿ ಮೂರು ಕಿಲೋಮೀಟರಿಗೂ ಆಳ ಇತ್ತು. ಅಷ್ಟು ಆಳದಲ್ಲಿ ನೆತ್ತಿಯ ಮೇಲಿನ ಕಲ್ಲನ್ನು ತಡೆದು ನಿಲ್ಲಿಸುವುದೇ ಒಂದು ದೊಡ್ಡ ವಿದ್ಯೆ.

ಗಣಿತದ ಸೆಟ್ಟನ್ನು ನಮ್ಮ ಪಠ್ಯಪುಸ್ತಕದಲ್ಲಿ ‘ಗಣ’ ಅಂತ ಕರೆದಿದ್ದಾರೆ, ಒಳ್ಳೇ ಪದ. ಆದರೆ ಅದರ ನಿಯಮ ಸ್ವಲ್ಪ ಕಟ್ಟುನಿಟ್ಟು. ಒಂದೇ ವಸ್ತುವನ್ನು ಎರಡು ಸಲ ಎಣಿಸುವ ಹಾಗಿಲ್ಲ, ಯಾವುದು ಮೊದಲು ಯಾವುದು ಆಮೇಲೆ ಅನ್ನುವ ಲೆಕ್ಕವೂ ಇಲ್ಲ. ಮೂರು ದೋಸೆಯೂ ಒಂದೇ ಅಂತ ಹೋಟೆಲಿನವನು ಗಣಿತ ಶುರು ಮಾಡಿದರೆ ನಿಮ್ಮ ತಟ್ಟೆಗೆ ಬರುವುದು ಒಂದೇ ದೋಸೆ.

ಈಗ ಪರೀಕ್ಷೆಯಲ್ಲಿ ನಿಜವಾಗಿ ಕಾಲೆಳೆಯುವ ಜಾಗ. ಸೆಟ್ಟಿನ ಪಕ್ಕ ಒಂದು ಪುಟ್ಟ ಪದ ಬಂದು ನಿಂತಾಗ. ಸೆಟ್ ಅಪ್, ಸೆಟ್ ಆಫ್, ಸೆಟ್ ಇನ್, ಸೆಟ್ ಅಸೈಡ್. ಇಲ್ಲಿ ಕೂರಿಸು ಒಂದನ್ನೇ ನಂಬಿಕೊಂಡರೆ ಮೋಸ ಹೋಗುತ್ತೀರಿ.

ಮಾಲೂರು ಕಡೆಯ ನನ್ನ ಪರಿಚಯದವರೊಬ್ಬರದು ಜಮೀನಿನ ಕೇಸಿತ್ತು. ಕೆಳಗಿನ ಕೋರ್ಟಿನಲ್ಲಿ ಸೋತು ಹೈಕೋರ್ಟಿಗೆ ಹೋಗಿದ್ದರು. ಆರ್ಡರ್ ಬಂತು, ಇಂಗ್ಲಿಷಿನಲ್ಲಿ. ಕೆಳಗಿನ ಕೋರ್ಟಿನ ಆದೇಶ ‘ಸೆಟ್ ಅಸೈಡ್’ ಅಂತ ಇತ್ತು. ಓದಿದ ಹುಡುಗ ‘ಪಕ್ಕಕ್ಕೆ ಇಟ್ಟಿದ್ದಾರಂತೆ ತಾತಾ, ಆಮೇಲೆ ನೋಡ್ತಾರಂತೆ’ ಅಂದ. ಪಾಪ, ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ನನ್ನ ಹತ್ತಿರ ಕಾಗದ ತಂದರು. ನೋಡಿದರೆ ಗೆದ್ದಿದ್ದಾರೆ! ಕೋರ್ಟಿನ ಭಾಷೆಯಲ್ಲಿ ಸೆಟ್ ಅಸೈಡ್ ಅಂದರೆ ರದ್ದು ಮಾಡುವುದು. ಅದೇ ಮಾತು ದುಡ್ಡಿನ ವಿಷಯದಲ್ಲಿ ಬಂದರೆ ತೆಗೆದಿಡುವುದು, ಮಗಳ ಮದುವೆಗೆ ಅಂತ ಎತ್ತಿಡುವ ಹಾಗೆ. ಒಂದರಲ್ಲಿ ಎಸೆದ ಹಾಗೆ, ಇನ್ನೊಂದರಲ್ಲಿ ಜೋಪಾನ ಮಾಡಿದ ಹಾಗೆ.

ಸೆಟ್ ಆಫ್‌ಗೂ ಮೂರು ಮುಖ. ಊರಿಗೆ ಹೊರಡುವುದು ಒಂದು. ಪಟಾಕಿ ಹೊಡೆಯುವುದು, ಗಲಾಟೆ ಎಬ್ಬಿಸುವುದು ಇನ್ನೊಂದು. ಲೆಕ್ಕದಲ್ಲಿ ಇದಕ್ಕೆ ಅದನ್ನು ವಜಾ ಹಾಕಿಕೊಳ್ಳುವುದು ಮೂರನೆಯದು. ಸಿಆರ್‌ಪಿಸಿ, ಅಂದರೆ ಹಳೇ ಅಪರಾಧ ಪ್ರಕ್ರಿಯಾ ಸಂಹಿತೆಯ 428ನೇ ಕಲಂ ಈ ಮೂರನೆಯದರ ಮೇಲೆ ನಿಂತಿತ್ತು. ತೀರ್ಪಿನ ಮೊದಲು ಜೈಲಿನಲ್ಲಿ ಕಳೆದ ದಿನಗಳನ್ನು ಶಿಕ್ಷೆಯ ದಿನಗಳಲ್ಲಿ ವಜಾ ಮಾಡುವುದು. ಹೊಸ ಕಾನೂನಿನಲ್ಲೂ ಆ ಸೌಲಭ್ಯ ಉಳಿದಿದೆ.

ಸೆಟ್ ಇನ್‌ಗೆ ಕನ್ನಡದಲ್ಲಿ ಒಂದು ಚಿನ್ನದಂಥ ಪದ ಇದೆ: ಹಿಡಿ. ಜಡಿಮಳೆ ಹಿಡಿಯಿತು, ಚಳಿ ಹಿಡಿಯಿತು, ಕೊಳೆ ರೋಗ ಹಿಡಿಯಿತು. ಶುರುವಾಗಿ ಬೇಗ ಬಿಡುವ ಲಕ್ಷಣ ಇಲ್ಲದ್ದಕ್ಕೆಲ್ಲಾ ಇದು. ಬಹುಮಟ್ಟಿಗೆ ಬೇಡದ್ದಕ್ಕೇ ಬರುತ್ತೆ. ಸಂತೋಷ ‘ಸೆಟ್ ಇನ್’ ಆಯಿತು ಅಂತ ಯಾರೂ ಬರೆಯಲ್ಲ. ನಮಗೂ ಹುಚ್ಚು ಹಿಡಿಯುತ್ತೆ, ಬುದ್ಧಿ ಹಿಡಿಯಲ್ಲ. ಹವಾಮಾನ ಇಲಾಖೆಯವರ ‘ಆನ್‌ಸೆಟ್’ ಇದರ ಪಕ್ಕದ್ದೇ. ಕೇರಳಕ್ಕೆ ಮುಂಗಾರಿನ ಆನ್‌ಸೆಟ್ ಜೂನ್ 1ರ ಸುಮಾರಿಗೆ ಅನ್ನುತ್ತಾರಲ್ಲ, ಅದು.

ಸೆಟ್‌ಬ್ಯಾಕ್ ಪೇಪರಿನಲ್ಲಿ ಬಂದರೆ ಹಿನ್ನಡೆ. ಮನೆ ಪ್ಲಾನಿನಲ್ಲಿ ಬಂದರೆ ಸೈಟಿನ ಗಡಿಯಿಂದ ಗೋಡೆ ತನಕ ಖಾಲಿ ಬಿಡಬೇಕಾದ ಜಾಗ. ಮೂವತ್ತು ನಲವತ್ತರ ಸೈಟಿನಲ್ಲಿ ಸೆಟ್‌ಬ್ಯಾಕ್ ಬಿಟ್ಟು ಮನೆ ಕಟ್ಟಿದವರಿಗೆ ಎರಡು ಅರ್ಥವೂ ಒಂದೇ ಅನ್ನಿಸಿರಬಹುದು. ಸೆಟ್ ಅಪ್ ಅಂದರೆ ಸ್ಥಾಪಿಸು. ಯಾರನ್ನಾದರೂ ‘ಸೆಟ್ ಅಪ್’ ಮಾಡಿದರು ಅಂದರೆ ಸುಳ್ಳೇ ಸಿಕ್ಕಿಸಿದರು. ಸೆಟ್ ಔಟ್, ಸೆಟ್ ಅಬೌಟ್ ಇವೆಲ್ಲಾ ಹೊರಡು, ಶುರು ಹಚ್ಚಿಕೋ ಅನ್ನುವಂಥವು. ಅಷ್ಟು ಕಷ್ಟ ಇಲ್ಲ.

ವ್ಯಾಕರಣದಲ್ಲಿ ಒಂದು ಮಾತು ಸಾಕು. ಸೆಟ್‌ಗೆ ಭೂತಕಾಲವೂ ಸೆಟ್ಟೇ. ‘ಸೆಟ್ಟೆಡ್’ ಬರೆದರೆ ಒಂದು ಅಂಕ ಹೋಯಿತು. ಪುಟ್, ಕಟ್, ಹಿಟ್, ಶಟ್ ಇವೆಲ್ಲಾ ಅದೇ ಸಾಲಿನವು. ಕೊನೆಯಲ್ಲಿ ಮೊದಲೇ ‘ಟ’ಕಾರ ಇರುವುದರಿಂದ ಭೂತಕಾಲದ ಪ್ರತ್ಯಯ ಅದರಲ್ಲೇ ಕರಗಿಹೋಯಿತು.

ಮೂರನೆಯದೂ ಒಂದು ಸೆಟ್ ಇದೆ. ನಾವು ಬಳಸುವ ಹಾಗೆ ಅದು ಇಂಗ್ಲಿಷ್ ಡಿಕ್ಷನರಿಯಲ್ಲಿ ಸಿಗುವುದು ಅಪರೂಪ, ಯಾಕೆಂದರೆ ಅದನ್ನು ಮಾಡಿಕೊಂಡವರು ನಾವು. ‘ಆ ಕಲರ್ ನಿಂಗೆ ಸೆಟ್ ಆಗಲ್ಲ’, ‘ಅವರಿಬ್ಬರಿಗೂ ಸೆಟ್ ಆಗಲಿಲ್ಲ’, ‘ಹೊಸ ಊರಿನ ನೀರು ಸೆಟ್ ಆಗ್ತಿಲ್ಲ’. ನಮ್ಮ ಗಡಿ ತಾಲ್ಲೂಕುಗಳ ತೆಲುಗಿನಲ್ಲೂ ‘ಸೆಟ್ ಅಯಿಂದಿ’ ಧಾರಾಳವಾಗಿ ಕೇಳುತ್ತೆ. ಒಗ್ಗು, ಹೊಂದು, ಒಪ್ಪು ಅನ್ನುವ ಮೂರು ಪದದ ಕೆಲಸ ಇದೊಂದೇ ಮಾಡುತ್ತಿದೆ. ಇದನ್ನು ತಪ್ಪು ಕನ್ನಡ ಅಂತ ನಾನು ಹೇಳಲ್ಲ, ಭಾಷೆ ಬೆಳೆಯುವುದು ಹೀಗೇ. ಆದರೆ ಇಂಗ್ಲಿಷ್ ಬರೆಯುವಾಗ ಇದನ್ನು ಒಯ್ಯಬೇಡಿ. ಬಣ್ಣಕ್ಕೆ, ಬಟ್ಟೆಗೆ ಅಲ್ಲಿ ‘ಸೂಟ್’ ಬೇಕು, ಜನಕ್ಕೆ ‘ಗೆಟ್ ಆನ್’ ಬೇಕು. ಪತ್ರ ಬರೆಯುವ ಪ್ರಶ್ನೆಗೆ ‘ದಿಸ್ ಪ್ಲೇಸ್ ಈಸ್ ನಾಟ್ ಸೆಟ್ಟಿಂಗ್ ಫಾರ್ ಮಿ’ ಅನ್ನುವ ವಾಕ್ಯವನ್ನು ನಾನು ವರ್ಷಕ್ಕೆ ಹತ್ತು ಸಲ ತಿದ್ದಿದ್ದೇನೆ. ಹಾಗೇ ಮೇಷ್ಟ್ರಾಗುವವರು ಬರೆಯುವ ‘ಕೆ-ಸೆಟ್’ಗೂ ಇವಕ್ಕೂ ಸಂಬಂಧವಿಲ್ಲ. ಅದು ಪರೀಕ್ಷೆಯ ಉದ್ದ ಹೆಸರಿನ ಮೊದಲಕ್ಷರಗಳು, ಅಷ್ಟೇ.

ಇಷ್ಟೊಂದು ಅರ್ಥ ಯಾಕೆ ಅಂತ ಕೇಳಿದ್ದೀರಿ. ಆಕ್ಸ್‌ಫರ್ಡಿನ ದೊಡ್ಡ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ 1989ರಲ್ಲಿ 20 ಸಂಪುಟಗಳಲ್ಲಿ ಬಂತು. ಅದರಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ಸೆಟ್ಟಿನದೇ. ಸುಮಾರು 430 ಅರ್ಥ, ವಿವರಣೆಗೆ 60,000 ಪದ. ಮೂರನೇ ಆವೃತ್ತಿಯ ಕೆಲಸ ನಡೆಯುತ್ತಿದ್ದಂತೆ 2011ರ ಹೊತ್ತಿಗೆ ‘ರನ್’ ಅದನ್ನು ಹಿಂದೆ ಹಾಕಿತು. ರನ್ನಿಗೆ ಕ್ರಿಯಾಪದವಾಗಿಯೇ 645 ಅರ್ಥ ಲೆಕ್ಕ ಸಿಕ್ಕಿತು. ಆ ಒಂದು ಪದವನ್ನು ವಿಂಗಡಿಸಲು ಒಬ್ಬ ಸಂಪಾದಕರಿಗೆ ಒಂಬತ್ತು ತಿಂಗಳು ಹಿಡಿಯಿತಂತೆ. ಮೋಟಾರು, ರೈಲು, ಕಂಪ್ಯೂಟರು ಎಲ್ಲವೂ ‘ರನ್’ ಆಗುವ ಕಾಲ ಬಂದ ಮೇಲೆ ಕೂರುವ ಪದವನ್ನು ಓಡುವ ಪದ ಸೋಲಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಗಾಬರಿಯಾಗಬೇಡಿ. ಇಂಥ ಪದ ನಿಮ್ಮ ಬಾಯಲ್ಲೇ ಇದೆ. ‘ಹೊಡೆ’ ಅನ್ನುವುದನ್ನು ತಗೊಳ್ಳಿ. ಗಿಡಕ್ಕೆ ಔಷಧಿ ಹೊಡೆ, ಗೋಡೆಗೆ ಸುಣ್ಣ ಹೊಡೆ, ಹೊಲಕ್ಕೆ ಗೊಬ್ಬರ ಹೊಡೆ, ಗಾಡಿ ಹೊಡೆ, ಗೊರಕೆ ಹೊಡೆ, ಕಾಪಿ ಹೊಡೆ. ಕರೆಂಟು ಹೊಡೆಯುತ್ತೆ, ವಾಸನೆ ಹೊಡೆಯುತ್ತೆ, ಲಾಟರಿ ಹೊಡೆಯುತ್ತೆ. ಬೆಂಗಳೂರಿಗೆ ಬಂದ ಉತ್ತರದ ಹುಡುಗನೊಬ್ಬ ಇದಕ್ಕೆ ‘ಏಟು ಕೊಡು’ ಅನ್ನುವ ಒಂದೇ ಅರ್ಥ ಕಲಿತು ಬಂದಿದ್ದರೆ ಅವನ ಗತಿ ಏನು ಯೋಚಿಸಿ. ನಿಮಗೆ ಇಷ್ಟೂ ಅರ್ಥ ಯಾರೂ ನಂಬರು ಹಾಕಿ ಹೇಳಿಕೊಡಲಿಲ್ಲ. ಔಷಧಿಯ ಜೊತೆ ಹೊಡೆ ಕೇಳಿದಿರಿ, ಗೊರಕೆಯ ಜೊತೆ ಹೊಡೆ ಕೇಳಿದಿರಿ. ಪದ ಒಂಟಿಯಾಗಿ ಬರಲಿಲ್ಲ, ಜೋಡಿಯಾಗಿ ಬಂತು.

ಸೆಟ್ಟನ್ನೂ ಹಾಗೇ ಜೋಡಿಯಾಗಿ ಬರೆದುಕೊಳ್ಳಿ. ನೋಟ್‌ಬುಕ್ಕಿನ ಪುಟವನ್ನು ಮೂರು ಭಾಗ ಮಾಡಿ. ಮೊದಲನೆಯದರ ತಲೆಗೆ ‘ಕೂರಿಸು/ಇಡು’, ಎರಡನೆಯದಕ್ಕೆ ‘ಬಿಗಿಯಾಗು’, ಮೂರನೆಯದಕ್ಕೆ ‘ಜೊತೆ’. ಪೇಪರ್ ಓದುವಾಗ ಎಲ್ಲಿ ಸೆಟ್ ಕಂಡರೂ ಪೂರ್ತಿ ವಾಕ್ಯವನ್ನೇ ಒಂದು ಭಾಗಕ್ಕೆ ಹಾಕಿ. ಎಲ್ಲೂ ಹಿಡಿಸದಿದ್ದರೆ ಪಕ್ಕದಲ್ಲಿ ಪುಟ್ಟ ಪದ ಇದೆಯಾ ನೋಡಿ. ಆಫ್, ಇನ್, ಅಸೈಡ್ ಇದ್ದರೆ ಪುಟದ ಹಿಂಬದಿಗೆ ಬರೆಯಿರಿ. ಒಂದು ತಿಂಗಳು ಮಾಡಿ ನನಗೆ ತೋರಿಸಿ. ಡಿಕ್ಷನರಿಯನ್ನು ಕೊನೆಗೆ ತೆಗೆಯಿರಿ, ಅನುಮಾನ ಬಂದದ್ದಕ್ಕೆ ಮಾತ್ರ.

ಜಗಳದ ವಿಷಯ ಮರೆತಿಲ್ಲ. ‘ಸೆಟ್ ಟಾಪ್ ಬಾಕ್ಸ್’ ಸರಿ. ಟಿವಿ ಸೆಟ್ಟಿನ ತಲೆ ಮೇಲೆ ಇಡುವ ಡಬ್ಬ ಅಂತ. ಟಿವಿ ಗೂಡಿನಷ್ಟು ದಪ್ಪ ಇದ್ದ ಕಾಲದಲ್ಲಿ ಇಟ್ಟ ಹೆಸರು. ಈಗಿನ ತೆಳ್ಳನೆ ಟಿವಿ ಮೇಲೆ ಅಗರಬತ್ತಿ ಪೊಟ್ಟಣವೂ ನಿಲ್ಲಲ್ಲ, ಡಬ್ಬ ಕೆಳಗಿನ ಶೆಲ್ಫಿಗೆ ಇಳಿದಿದೆ. ಹೀಗಾಗಿ ‘ಟಾಪ್’ ಯಾಕೆ ಅಂತ ತಿಳಿಯದೆ ಜನ ಅದನ್ನು ‘ಸೆಟಪ್’ ಮಾಡಿಕೊಂಡರು. ‘ಸೆಟಪ್ ಬಾಕ್ಸ್’ ಅಂದವರು ತಮ್ಮನೋ ನೀವೋ ಕಾಗದದಲ್ಲಿ ಬರೆದಿಲ್ಲ. ತಮ್ಮನೇ ಆಗಿದ್ದರೆ ಅವನಿಗೆ ಜಾಸ್ತಿ ಬೈಯಬೇಡಿ. ನಮ್ಮನೆಗೆ ಅದನ್ನು ಹಾಕಲು ಬಂದ ಹುಡುಗನೂ ಹಾಗೇ ಅಂದಿದ್ದ, ಅವನ ರಸೀತಿಯಲ್ಲೂ ಹಾಗೇ ಇದೆ.